ಅಮ್ಮೀಟರಿನ ಮೇಲೆ ವಿಭೂತಿ

ನನ್ನ ಮೇಜಿನ ಮೇಲೆ, ಕಾಗದಗಳು ಗಾಳಿಗೆ ಹಾರದ ಹಾಗೆ ಒತ್ತಿಟ್ಟ ಒಂದು ಗುಂಡನೆಯ ವಸ್ತುವಿದೆ. ಹಿತ್ತಾಳೆಯ ಅಂಚು, ಮೇಲೆ ಗಾಜು, ಒಳಗೆ ಬಿಳಿಯ ಮುಖ, ಅದರಲ್ಲಿ ಒಂದೇ ಒಂದು ಮುಳ್ಳು. ಮನೆಗೆ ಬಂದವರು ಅದನ್ನು ಗಡಿಯಾರವೆಂದುಕೊಂಡು ಬಗ್ಗಿ ನೋಡಿ, "ಪಾಪ, ಇನ್ನೊಂದು ಮುಳ್ಳು ಮುರಿದುಹೋಗಿದೆ" ಎಂದು ಮರುಗುತ್ತಾರೆ. ನಾನು ತಿದ್ದುವುದಿಲ್ಲ. ತಿದ್ದಲು ಹೋದರೆ ಡೈನಮೋ, ಬ್ಯಾಟರಿ, ನನ್ನ ಮಾವ, ಮಾವನ ಕಣ್ಣು ಎಲ್ಲವನ್ನೂ ಹೇಳಬೇಕಾಗುತ್ತದೆ; ಅಷ್ಟರಲ್ಲಿ ಬಂದವರಿಗೆ ಬಸ್ಸಿನ ಹೊತ್ತಾಗಿರುತ್ತದೆ. ನಿಮಗೆ ಅಂಥ ಅವಸರವಿಲ್ಲವೆಂದುಕೊಂಡು ಹೇಳುತ್ತೇನೆ, ಕೇಳಿ.

ಅದು ಗಡಿಯಾರವಲ್ಲ, ಅಮ್ಮೀಟರು. ನಮ್ಮ ಹಳೆಯ ಕಾರಿನ ಮುಂದಿನ ಹಲಗೆಯಲ್ಲಿ, ಸ್ಟೀರಿಂಗಿನ ಪಕ್ಕದಲ್ಲೇ ಕೂತಿತ್ತು. ಮುಳ್ಳು ನಡುವಿನ ಸೊನ್ನೆಯಿಂದ ಬಲಕ್ಕೆ ವಾಲಿದರೆ ಡೈನಮೋ ಬ್ಯಾಟರಿಗೆ ಕರೆಂಟು ತುಂಬುತ್ತಿದೆ ಎಂದು ಅರ್ಥ. ಎಡಕ್ಕೆ ವಾಲಿದರೆ ತುಂಬುತ್ತಿಲ್ಲ, ಇದ್ದದ್ದೂ ಕರಗುತ್ತಿದೆ ಎಂದು ಅರ್ಥ. ಇಷ್ಟೇ. ಇಷ್ಟು ಸಣ್ಣ ಸಮಾಚಾರಕ್ಕಾಗಿ ನಾನು ಪ್ರಾಯದ ಎಷ್ಟೋ ನೆಮ್ಮದಿಯನ್ನು ಕಳೆದುಕೊಂಡೆ. ಈಗ ಕಾರಿಲ್ಲ, ಬ್ಯಾಟರಿಯಿಲ್ಲ, ಮುಳ್ಳು ಸೊನ್ನೆಯ ಮೇಲೆ ಮಲಗಿದೆ. ಆದರೂ ಬರೆಯುತ್ತ ಬರೆಯುತ್ತ ಒಂದು ಸಲ ಅದರತ್ತ ಕಣ್ಣು ಹಾಯಿಸದಿದ್ದರೆ ನನಗೆ ಮುಂದಿನ ಸಾಲು ಬರುವುದಿಲ್ಲ. ಈಗ ತಾನೇ ನೋಡಿದೆ. ಸೊನ್ನೆಯಲ್ಲೇ ಇದೆ.

ಈ ಚಾಳಿ ಕಾರಿನಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಮಧುಗಿರಿಯ ನಮ್ಮ ಮನೆಯ ಹಿತ್ತಿಲಲ್ಲಿ ಅಜ್ಜಿ ಅವರೆಬೀಜ ಊರಿದರೆ, ಮಾರನೆಯ ಬೆಳಿಗ್ಗೆ ನಾನು ಅದನ್ನು ಕೆದಕಿ, ಮೊಳಕೆ ಬಂತೇ ಎಂದು ನೋಡಿ, ಮತ್ತೆ ಮುಚ್ಚಿಡುತ್ತಿದ್ದೆ. ಮಧ್ಯಾಹ್ನ ಇನ್ನೊಂದು ಸಲ. ಸಂಜೆ, ಕತ್ತಲಾಗುವ ಮುಂಚೆ, ಮತ್ತೊಂದು ಸಲ. ಊರಿನವರ ಅವರೆಯೆಲ್ಲ ಚಪ್ಪರಕ್ಕೆ ಹಬ್ಬಿದಾಗ ನಮ್ಮದು ಮಣ್ಣಿನೊಳಗೇ ಮುಗ್ಗಿ ಹೋಗಿರುತ್ತಿತ್ತು. "ಲೇ, ಕೆದಕಿ ಕೆದಕಿ ನೋಡಿದ್ರೆ ಅದೆಂಗ್ಲಾ ಮೊಳೀತದೆ? ಒಂದೀಟು ಸುಮ್ಕಿರ್ಲಾ" ಎಂದು ಅಜ್ಜಿ ಬೆನ್ನಿಗೆ ಕೊಡುತ್ತಿದ್ದರು. ಮೊಸರಿನ ಕಥೆಯೂ ಅದೇ. ರಾತ್ರಿ ಹೆಪ್ಪು ಹಾಕಿಟ್ಟ ಗಡಿಗೆಯನ್ನು ಬೆಳಗಾಗುವುದರೊಳಗೆ ನಾನು ಓರೆ ಮಾಡಿ ನೋಡಿರುತ್ತಿದ್ದೆ. ನಮ್ಮ ಮನೆಯಲ್ಲಿ ಗಟ್ಟಿ ಮೊಸರು ತಿಂದವರೇ ಇಲ್ಲ. ನನ್ನ ಮದುವೆಯ ದಿನ ಹಸೆಮಣೆಯ ಮೇಲೆ ಕೂತು ಅಂಗಿಯ ಜೇಬನ್ನು ಪದೇ ಪದೇ ಮುಟ್ಟಿ ನೋಡುತ್ತಿದ್ದೆನಂತೆ. ಜೇಬಿನಲ್ಲಿ ಏನೂ ಇರಲಿಲ್ಲ, ಏನೂ ಇಲ್ಲವೆಂಬುದನ್ನು ಖಾತ್ರಿ ಮಾಡಿಕೊಳ್ಳುತ್ತಿದ್ದೆ ಎಂದು ನನ್ನ ಹೆಂಡತಿ ನಂಜಮ್ಮ ಈಗಲೂ ಹಂಗಿಸುತ್ತಾಳೆ.

ಇಂಥವನ ಕೈಗೆ ಒಂದು ಕಾರು ಬಂತು. ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಮಧುಗಿರಿಯಲ್ಲಿ ನಮ್ಮದು ಕಡಲೇಕಾಯಿ ಮಂಡಿ. ವ್ಯಾಪಾರಕ್ಕೆಂದು ಸಿರಾ, ಕೊರಟಗೆರೆ, ಪಾವಗಡದ ಕಡೆ ಓಡಾಡಬೇಕಾಗುತ್ತಿತ್ತು. ಸಿರಾದ ಕಂಟ್ರಾಕ್ಟರರೊಬ್ಬರು ಹೊಸ ಕಾರು ತರಿಸಿಕೊಂಡಾಗ ಅವರ ಹಳೆಯದು ನನ್ನ ಪಾಲಿಗೆ ಬಂತು. ಕ್ಯಾನ್‌ವಾಸಿನ ಟಾಪು, ಎರಡು ದೊಡ್ಡ ದೀಪ, ಮೇಕೆಗಳನ್ನು ಕಂಡರೆ ತಾನೇ ಕೂಗಿಕೊಳ್ಳುವ ಬ್ರೇಕು. ಊರ ಹುಡುಗರು ಅದನ್ನು ಡಬ್ಬ ಎನ್ನುತ್ತಿದ್ದರು, ನಾನು ಕಾರು ಎನ್ನುತ್ತಿದ್ದೆ.

ಆ ಕಾರಿನ ಜೀವವೆಲ್ಲ ಬ್ಯಾಟರಿಯಲ್ಲಿತ್ತು. ಎಂಜಿನ್ನಿಗೆ ಕಿಡಿ ಕೊಡುವುದೂ ಅದೇ, ಸೆಲ್ಫ್ ಒತ್ತಿದರೆ ಗಾಡಿಯನ್ನು ಎಬ್ಬಿಸುವುದೂ ಅದೇ. ಬ್ಯಾಟರಿ ಸ್ವಲ್ಪ ಸೊರಗಿದರೆ ಹ್ಯಾಂಡಲ್ ಹೊಡೆದು ಎಬ್ಬಿಸಬಹುದು. ಪೂರಾ ಸತ್ತರೆ ತೋಳು ಬಿದ್ದುಹೋಗುವ ತನಕ ತಿರುಗಿಸಿದರೂ ಅದು ಏಳದು. ಬ್ಯಾಟರಿ ಸಾಯದ ಹಾಗೆ ನೋಡಿಕೊಳ್ಳುವುದು ಡೈನಮೋ. ಡೈನಮೋ ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳುವುದು ಆ ಮುಳ್ಳು. ಮುಳ್ಳನ್ನು ನೋಡಿಕೊಳ್ಳುವುದಕ್ಕೆ ನಾನು.

ಮುಳ್ಳು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ರಸ್ತೆ ಕುಲುಕಿದರೆ ಕುಲುಕುತ್ತಿತ್ತು. ಬಲಕ್ಕೆ ಹೋಗಿ, ನಡುಗಿ, ಸೊನ್ನೆಗೆ ಬಂದು, ಏನೋ ಯೋಚನೆ ಮಾಡಿ ಮತ್ತೆ ಬಲಕ್ಕೆ ಹೋಗುತ್ತಿತ್ತು. ನಾನು ಅದರ ಮೇಲೇ ಕಣ್ಣು ನೆಟ್ಟು ಓಡಿಸುತ್ತಿದ್ದೆ. ಐ.ಡಿ.ಹಳ್ಳಿಯ ಹತ್ತಿರ ಒಬ್ಬರ ಹುಲ್ಲಿನ ಬಣವೆಯೊಳಕ್ಕೆ ಕಾರು ಸಮೇತ ಹೊಕ್ಕಿದ್ದೇನೆ. ಬಣವೆಯ ಯಜಮಾನ ಹುಲ್ಲು ಸರಿಸಿ ಒಳಗೆ ಇಣುಕಿದಾಗ, ಹಿಂದಿನ ಸೀಟಿನಿಂದ ನಂಜಮ್ಮ ತಲೆಯ ಹುಲ್ಲು ಕೊಡವಿಕೊಳ್ಳುತ್ತ, "ಏನ್ರೀ, ರೋಡು ಅಂಬೋದು ಒಂದೈತೆ, ಅದ್ನೂ ಒಂದೀಟು ನೋಡ್ರೀ" ಎಂದಳು. ನಾನು ಆಗಲೂ ಮುಳ್ಳನ್ನೇ ನೋಡುತ್ತಿದ್ದೆ. ಬಲಕ್ಕಿತ್ತು.

ಕಾರಿನ ರಿಪೇರಿ ಸಿರಾದಲ್ಲಿ, ಖಾದರ್ ಸಾಬರ ಹತ್ತಿರ. ನಾನು ವಾರಕ್ಕೊಂದು ಸಲ ಹೋಗಿ ಡೈನಮೋ ಬಿಚ್ಚಿ ನೋಡಿ ಎಂದು ಪೀಡಿಸುತ್ತಿದ್ದುದರಿಂದ ಅವರಿಗೆ ನನ್ನ ಕಾರಿನ ಸದ್ದು ಕೇಳಿದರೆ ನಮಾಜಿನ ಹೊತ್ತಾಗುತ್ತಿತ್ತು. ಒಂದು ದಿನ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದಾಗ, ಬೀಡಿ ಹಚ್ಚಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ದೇಖೋ ಸಾಮಿ, ಈ ಕಾಂಟಾ ಐತಲ್ಲ, ಇದು ಒಮ್ಮೊಮ್ಮೆ ಝೂಟ್ ಹೇಳ್ತದೆ. ಬೆಳಕು ಹೇಳಲ್ಲ. ಗಾಡಿ ಚಾಲೂ ಇಟ್ಟು ಗೋಡೆ ಮುಂದೆ ನಿಲ್ಸಿ. ದೀಪ ಹಾಕಿ. ಆಮೇಲೆ ಆಕ್ಸಲೇಟರ್ ಅದುಮಿ. ಗೋಡೆ ಮ್ಯಾಗಿನ ಬೆಳಕು ಜಾಸ್ತಿ ಆಯ್ತಾ, ಡೈನಮೋ ಸಹಿ ಐತೆ. ಆಗ್ಲಿಲ್ವಾ, ನನ್ತಾವ ಬನ್ನಿ. ಅದು ಬುಟ್ಟು ವಾರಾ ವಾರಾ ಬರಬ್ಯಾಡಿ, ಮೆಹರ್‌ಬಾನಿ."

ಸಾಬರು ನನ್ನನ್ನು ಸಾಗಹಾಕಲು ಹೇಳಿದ್ದು ಅದು. ನನಗೆ ಹೊಸದೊಂದು ಗೀಳಿಗೆ ದಾರಿಯಾಯಿತು. ದಿನಾ ಮುಸ್ಸಂಜೆ ಎದುರುಮನೆ ರಂಗಮ್ಮನವರ ಗೋಡೆಗೆ ದೀಪ ಬಿಟ್ಟು ಆಕ್ಸಲೇಟರ್ ಅದುಮುತ್ತಿದ್ದೆ. ಬೆಳಕು ಹೆಚ್ಚಿದ ಹಾಗೆ ಕಾಣುತ್ತಿತ್ತು. ನಿಜವಾಗಿ ಹೆಚ್ಚಿತೋ, ಹೆಚ್ಚಲಿ ಎಂದು ನಾನು ಬಯಸಿದ್ದರಿಂದ ಹೆಚ್ಚಿತೋ ಗೊತ್ತಾಗದೆ ಮತ್ತೆ ಅದುಮುತ್ತಿದ್ದೆ. ಕೇರಿಯ ಮಕ್ಕಳೆಲ್ಲ ಬಂದು ಬೆಳಕಿಗೆ ಅಡ್ಡ ಕೈಹಿಡಿದು ಜಿಂಕೆ, ಮೊಲ ಮಾಡುತ್ತಿದ್ದವು. ರಂಗಮ್ಮನವರು ಮಾತ್ರ ಜಗಲಿಗೆ ಬಂದು, "ಲೇ, ನಮ್ಮ ಗ್ವಾಡೇನ ಯಾಕ್ಲಾ ಹಿಂಗ್ ಉರಿಸ್ತೀಯಾ? ನಿಮ್ಮ ಗ್ವಾಡೆ ಇಲ್ವಾ?" ಎಂದು ಕೇಳುತ್ತಿದ್ದರು. ನಮ್ಮ ಗೋಡೆಗೆ ಸುಣ್ಣ ಹೊಡೆಸಿರಲಿಲ್ಲ, ಬೆಳಕು ಚೆನ್ನಾಗಿ ಕಾಣುತ್ತಿರಲಿಲ್ಲ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.

ಹೀಗಿರುವಾಗ ಮಾವನ ಕಣ್ಣಿನ ವಿಷಯ ಬಂತು.

ನನ್ನ ಮಾವ, ಎಂದರೆ ನಂಜಮ್ಮನ ತಂದೆ, ಪಾವಗಡ ತಾಲ್ಲೂಕಿನ ನಿಡುಗಲ್ಲಿನವರು. ಕೋಟೆ ಕಾವಲಿನ ಮನೆತನ. ಕಾವಲು ಯಾವ ಕಾಲಕ್ಕೋ ಹೋಗಿ ಉಳಿದದ್ದು ಒಂದಿಷ್ಟು ಹೊಲ ಮತ್ತು ಬೆಟ್ಟವೆಲ್ಲ ತಮ್ಮದೇ ಎಂಬ ಗತ್ತು. ಅವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಸಿಟ್ಟು ಬಂದರೆ ಪೂರಾ ತೆಲುಗು. ಎರಡು ಕಣ್ಣಿಗೂ ಪೊರೆ ಬೆಳೆದು ಕೆಲವು ವರ್ಷಗಳಾಗಿದ್ದವು. ಆದರೂ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು, ಬಂದವರನ್ನು ಹೆಜ್ಜೆಯ ಸದ್ದಿನಿಂದಲೇ ಗುರುತಿಸಿ ಹೆಸರು ಹಿಡಿದು ಕರೆಯುತ್ತಿದ್ದರು. ಗೊತ್ತಿಲ್ಲದವರು ಇವರಿಗೆ ಕಣ್ಣು ಚೆನ್ನಾಗಿದೆ ಎಂದೇ ತಿಳಿಯುತ್ತಿದ್ದರು. ಗೊತ್ತಾಗಬಾರದು ಎಂಬುದೇ ಮಾವನ ಇಷ್ಟವಾಗಿತ್ತು.

ಪಾವಗಡದ ಕಾಂಪೌಂಡರೊಬ್ಬರು ಬಂದು ನೋಡಿದ್ದರು. "ದೀಪದ ಬೆಳಕು ಹೆಚ್ಚಾದದ್ದು ಕಮ್ಮಿಯಾದದ್ದು ತಿಳಿಯೋ ಹಂಗಿದ್ರೆ ಪೊರೆ ತೆಗೆಸಬಹುದು. ಬೆಳಕೇ ತಿಳಿಯದೆ ಹೋದ್ರೆ ಒಳಗಣ್ಣೇ ಹೋದಂಗೆ, ಯಾವ ಡಾಕ್ಟರೂ ಏನೂ ಮಾಡಕ್ಕಾಗಲ್ಲ" ಎಂದು ಹೇಳಿ, ಮಾವನ ಮುಖದ ಮುಂದೆ ಹಿಡಿಯಲು ಲಾಟೀನು ತರಹೇಳಿದ್ದರು. ಮಾವ, "ಕಾಣ್ತದೆ, ಶಾನೆ ಚೆಂದಾಗಿ ಕಾಣ್ತದೆ" ಎಂದಿದ್ದರು. ಈ ಮಾತನ್ನು ನನಗೆ ಹೇಳಿದವಳು ನಂಜಮ್ಮ.

"ಲಾಟೀನು ಇನ್ನೂ ಮ್ಯಾಕೆತ್ತೇ ಇರಲಿಲ್ಲ ಕಣ್ರೀ. ನಾನು ಪಕ್ಕದಾಗೇ ಇದ್ದೆ. ಅದು ಬಾಗ್ಲಿಂದೀಚೆಗೆ ಬಂದಿರಲಿಲ್ಲ. ಅಷ್ಟ್ರಾಗೇ ಅಪ್ಪಯ್ಯ ಕಾಣ್ತದೆ ಅಂದ್ಬುಟ್ಟ."

ಅಂದಿನಿಂದ ಮಾವನಿಗೆ ಆಸ್ಪತ್ರೆಗೆ ಹೋಗಲು ಒಂದಲ್ಲ ಒಂದು ವಿಘ್ನ. ಒಮ್ಮೆ ಗಾಡಿ ಕಟ್ಟಿಸಿಕೊಂಡು ಹೊರಟವರು ಊರಬಾಗಿಲಲ್ಲಿ ಯಾರೋ ಸೀನಿದರೆಂದು ವಾಪಸಾದರು. ಇನ್ನೊಮ್ಮೆ ಬಸ್ಸು ಹತ್ತಿದ ಮೇಲೆ ಬಸ್ಸೇ ದಾರಿಯಲ್ಲಿ ಕೆಟ್ಟು ನಿಂತಿತು. ಇವರು ಇಳಿದು, ಕೋಲೂರಿಕೊಂಡು, ಮತ್ತೊಬ್ಬರ ಕೈಹಿಡಿದು ಮನೆ ಸೇರಿದರು. ಶಕುನವನ್ನು ನಂಬುವವರು ಎಂದು ಊರವರು ಅಂದುಕೊಂಡರು. ಮಗಳಿಗೆ ಮಾತ್ರ ಗೊತ್ತಿತ್ತು, ಅಪ್ಪ ಹೆದರಿದ್ದು ಡಾಕ್ಟರು ಹಿಡಿಯುವ ದೀಪಕ್ಕೆ.

ಆ ವರ್ಷ ಕೊರಟಗೆರೆಯ ಆಸ್ಪತ್ರೆಗೆ ಕಣ್ಣಿನ ಡಾಕ್ಟರೊಬ್ಬರು ಬಂದು ಒಂದು ವಾರ ಬೀಡುಬಿಡುತ್ತಾರೆಂದು ಸುದ್ದಿ ಬಂತು. ನಂಜಮ್ಮ ಊಟ ಬಿಟ್ಟಳು. ಅವಳು ಊಟ ಬಿಟ್ಟರೆ ನನಗೂ ಸಿಗುತ್ತಿರಲಿಲ್ಲ, ಹಾಗಾಗಿ ನಾವಿಬ್ಬರೂ ಕಾರು ಹತ್ತಿ ನಿಡುಗಲ್ಲಿಗೆ ಹೊರಟೆವು. ಕೆಲವು ದಿನ ಕಾರು ತೆಗೆದಿರಲಿಲ್ಲ. ಆ ಬೆಳಿಗ್ಗೆ ಸೆಲ್ಫ್ ಒತ್ತಿದರೆ ಗೊರಗೊರ ಎಂದು ಸುಮ್ಮನಾಯಿತು. ಹ್ಯಾಂಡಲ್ ಹೊಡೆದು ಎಬ್ಬಿಸಿದೆ. ದಾರಿಯುದ್ದಕ್ಕೂ ಮುಳ್ಳು ಬಲಕ್ಕೂ ಸೊನ್ನೆಗೂ ನಡುವೆ ಅಲೆದಾಡುತ್ತಿತ್ತು, ಒಂದೆರಡು ಸಲ ಎಡಕ್ಕೂ ಹೋಗಿಬಂದ ಹಾಗೆ ಕಂಡಿತು. ಆ ದಾರಿ ನಡುವೆ ಮೈಸೂರು ಸೀಮೆ ಬಿಟ್ಟು ಮದರಾಸು ಸೀಮೆಗೆ ಹೊಕ್ಕು ಮತ್ತೆ ಮೈಸೂರಿಗೆ ಬರುತ್ತದೆ. ಎರಡು ಸರ್ಕಾರಕ್ಕೂ ಗುಂಡಿ ಒಂದೇ ಥರದ್ದು. ಮುಳ್ಳು ನಡುಗಿದ್ದು ಗುಂಡಿಯಿಂದಲೋ ಡೈನಮೋ ಕೆಟ್ಟದ್ದರಿಂದಲೋ ಎಂದು ನನಗೆ ತೀರ್ಮಾನಕ್ಕೆ ಬರಲಾಗಲಿಲ್ಲ.

ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿದಾಗ ಮಾವ ಕಲ್ಲಿನ ಮೇಲಿಂದಲೇ, "ಏಮಿ ಅಳಿಯಂದ್ರೇ, ಮೋಟಾರು ಕೆಮ್ತಾ ಇದ್ದಂಗದೆ?" ಎಂದರು. ಕಿವಿ ಅಷ್ಟು ಚುರುಕು. ಮಗಳು ಕಾಲು ಹಿಡಿದಳು, ಅತ್ತಳು, ತಾಯಿಯ ಹೆಸರು ಎತ್ತಿದಳು. ಕೊನೆಗೆ ಮಾವ ಒಂದು ಷರತ್ತು ಹಾಕಿದರು.

"ಸರಿ ಕಣಮ್ಮ, ಬತ್ತೀನಿ. ಆದ್ರೆ ಹೊರಟ ಮ್ಯಾಲೆ ಕೊರಟಗೆರೆ ತಾವ ಹೋಗೋ ತನಕ ಮೋಟಾರು ಉಸ್ರು ಕಟ್ಟಬಾರ್ದು. ದಾರ್‍ಯಾಗೆ ಎಲ್ಲಾದ್ರೂ ಸದ್ದು ನಿಲ್ತೋ, ನಾನು ಇಳಿದು ಈ ಕಡೀಕೇ ನಡೆದ್ಬುಡ್ತೀನಿ. ಆಮ್ಯಾಕೆ ನನ್ನ ಕರೀಬ್ಯಾಡಿ."

ನಂಜಮ್ಮ ನನ್ನ ಮುಖ ನೋಡಿದಳು. ನಾನು ಮುಳ್ಳಿನ ಕಡೆ ನೋಡಿದೆ. ಎಂಜಿನ್ ನಿಲ್ಲಿಸಿದ್ದೆ, ಅದು ಏನನ್ನೂ ಹೇಳುವ ಹಾಗಿರಲಿಲ್ಲ.

ಹೊರಡುವ ಮುಂಚೆ ಮಾವ ಕಾರಿಗೆ ಪೂಜೆಯಾಗಬೇಕು ಎಂದರು. ಅವರ ಮನೆಯಲ್ಲಿ ಒಂದು ಪದ್ಧತಿಯಿದೆ. ಯಾವುದಾದರೂ ಕಾರ್ಯಕ್ಕೆ ಹೊರಡುವಾಗ ಹಿರಿಯರು ಗಾಡಿಗೆ ಒದ್ದೆ ವಿಭೂತಿ ಬಳಿಯುತ್ತಾರೆ. ಆ ಕಾರ್ಯ ಮುಗಿಯುವ ತನಕ ಅದನ್ನು ಯಾರೂ ಒರೆಸುವಂತಿಲ್ಲ. ಎತ್ತಿನ ಗಾಡಿಯಾಗಿದ್ದರೆ ನೊಗಕ್ಕೆ ಬಳಿಯುತ್ತಿದ್ದರು. ಕಾರಿಗೆ ನೊಗವಿಲ್ಲ. ಮಾವ ವಿಭೂತಿಯನ್ನು ಬಟ್ಟಲಲ್ಲಿ ಕಲಸಿಕೊಂಡು, ಬಾಗಿಲು ತಡವಿ, ಸೀಟು ತಡವಿ, ಮುಂದಿನ ಹಲಗೆಯನ್ನು ತಡವಿದರು. ಕೈಗೆ ಗುಂಡನೆಯ ನುಣುಪಾದ ಗಾಜು ಸಿಕ್ಕಿತು. ಇದೇ ಇದರ ಹಣೆಯಿರಬೇಕು ಎಂದುಕೊಂಡರೋ ಏನೋ, ಮೂರು ಬೆರಳು ಅದ್ದಿ ಅಡ್ಡಡ್ಡಲಾಗಿ, ಭಕ್ತಿಯಿಂದ, ಧಾರಾಳವಾಗಿ ಬಳಿದುಬಿಟ್ಟರು.

ಅಮ್ಮೀಟರು ಮಾಯವಾಯಿತು. ಒದ್ದೆ ವಿಭೂತಿ ಬಿಸಿಲಿಗೆ ಒಣಗಿ ಸುಣ್ಣದ ಹಾಗೆ ಗಾಜಿಗೆ ಹತ್ತಿಕೊಂಡಿತು. ನಾನು ಉಗುರಿನಿಂದ ಅಂಚಿನಲ್ಲಿ ಒಂದಿಷ್ಟು ಕೆರೆಯಲು ಹೋದೆ. ಹಿಂದಿನಿಂದ ನಂಜಮ್ಮನ ಕೈ ಬಂದು ನನ್ನ ಮಣಿಕಟ್ಟಿಗೆ ಪಟ್ಟೆಂದು ಬಡಿಯಿತು. "ಕಾರ್ಯ ಮುಗಿಯೋಗಂಟ ಮುಟ್ಟಂಗಿಲ್ಲ" ಎಂದು ಪಿಸುಗುಟ್ಟಿದಳು. ಅವಳಿಗೆ ಡೈನಮೋದ ಮೇಲೆ ನಂಬಿಕೆಯಿರಲಿಲ್ಲ, ವಿಭೂತಿಯ ಮೇಲಿತ್ತು. ಆ ಹೊತ್ತಿಗೆ ನನಗೆ ಎರಡರ ಮೇಲೂ ಇರಲಿಲ್ಲ.

ಹ್ಯಾಂಡಲ್ ಹೊಡೆದೆ, ಕಾರು ಎದ್ದಿತು, ಹೊರಟೆವು. ಮಾವ ನನ್ನ ಪಕ್ಕದಲ್ಲಿ ಕೋಲು ಹಿಡಿದು ಕೂತಿದ್ದರು.

ಆ ಪ್ರಯಾಣದಂಥ ಪ್ರಯಾಣ ನನ್ನ ಶತ್ರುವಿಗೂ ಬೇಡ. ಡೈನಮೋ ತುಂಬುತ್ತಿದ್ದರೆ ಸರಿ. ತುಂಬದಿದ್ದರೆ ಬ್ಯಾಟರಿ ಯಾವುದೋ ತಿರುವಿನಲ್ಲಿ ಖಾಲಿಯಾಗಿ, ಎಂಜಿನ್ ಎರಡು ಸಲ ಬಿಕ್ಕಿ ನಿಲ್ಲುತ್ತದೆ, ಮಾವ ಇಳಿದು ನಡೆಯುತ್ತಾರೆ, ಮತ್ತೆಂದೂ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಇದರಲ್ಲಿ ಯಾವುದು ಎಂದು ಹೇಳಬೇಕಾದ ಮುಳ್ಳು ವಿಭೂತಿಯ ಹಿಂದೆ ಕೂತಿದೆ. ನಾನು ಎಂಜಿನ್ನಿನ ಸದ್ದನ್ನು ಕೇಳುತ್ತ, ವಾಸನೆಯನ್ನು ಮೂಸುತ್ತ, ಕಾಲಡಿಯ ಹಲಗೆಯ ನಡುಕವನ್ನು ಲೆಕ್ಕ ಹಾಕುತ್ತ ಓಡಿಸಿದೆ. ಹಗಲಿನ ಬೆಳಕಿನಲ್ಲಿ ದೀಪ ಹಾಕಿ ನೋಡೋಣವೆಂದರೆ ದಾರಿಯಲ್ಲಿ ಒಂದು ಗೋಡೆ ಬೇಕಲ್ಲ? ಸುತ್ತ ಬರೀ ಹುರುಳಿ ಹೊಲ, ಬಂಡೆ, ಜಾಲಿ. ಮೇಲಾಗಿ ದೀಪ ಹಾಕಿದರೆ ಬ್ಯಾಟರಿ ಕರಗುತ್ತದೆ, ಹಾಕದಿದ್ದರೆ ನನ್ನ ಜೀವ ಕರಗುತ್ತದೆ. ಪಾವಗಡ ದಾಟುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

"ಯಾಕೆ ಅಳಿಯಂದ್ರೇ, ಮಾತೇ ಇಲ್ಲ?" ಎಂದರು ಮಾವ.

"ಗಾಡಿ ಓಡಿಸುವಾಗ ಮಾತಾಡಬಾರದು ಮಾವ."

"ಅವ್ರು ಯಾವಾಗ್ಲೂ ಮಾತಾಡ್ತಾರೆ ಅಪ್ಪಯ್ಯ" ಎಂದಳು ನಂಜಮ್ಮ ಹಿಂದಿನಿಂದ. ಮಾವನ ಬೆರಳುಗಳು ಕೋಲಿನ ಹಿಡಿಯ ಮೇಲೆ ನಿಲ್ಲದೆ ಆಡುತ್ತಿದ್ದವು. ಅಷ್ಟು ದಿನ ನಾನು ಅವರನ್ನು ಗಟ್ಟಿ ಮನುಷ್ಯ ಎಂದುಕೊಂಡಿದ್ದೆ.

ಮಿಡಿಗೇಶಿ ಹತ್ತಿರವಾಗುವಾಗ ಮೋಡ ಕವಿಯಿತು. ಮಾವ, "ಒಂದ್ಸಲ ಇಳೀಬೇಕಲ್ಲ. ಮೋಟಾರು ಮಾತ್ರ ನಿಲ್ಲಿಸ್ಬ್ಯಾಡಿ" ಎಂದರು. ದಾರಿಯ ಪಕ್ಕದಲ್ಲಿ ಒಂದು ಹಳೆಯ ಕಲ್ಲುಮಂಟಪವಿತ್ತು, ಮೂರು ಕಡೆ ಗೋಡೆ, ಒಳಗೆ ಕತ್ತಲೆ. ಅದನ್ನು ಕಂಡದ್ದೇ ನನ್ನ ಮೈಯಲ್ಲಿ ಹೊಸ ರಕ್ತ ಓಡಿತು. ಗೋಡೆ! ಮಾವನನ್ನೂ ನಂಜಮ್ಮನನ್ನೂ ಇಳಿಸಿ, ಅವರಿಬ್ಬರೂ ಪೊದೆಯ ಮರೆಗೆ ಹೋಗುತ್ತಿದ್ದ ಹಾಗೇ ಕಾರಿನ ಮೂತಿಯನ್ನು ಮಂಟಪದ ಬಾಯಿಗೆ ತಂದು ನಿಲ್ಲಿಸಿದೆ. ಎಂಜಿನ್ ಮೆಲ್ಲನೆ ಆಡುತ್ತಿತ್ತು. ದೀಪ ಹಾಕಿದೆ. ಒಳಗಿನ ಗೋಡೆಯ ಮೇಲೆ ಹಳದಿಯ ಬೆಳಕು ಮಂಕಾಗಿ ಬಿತ್ತು. ಎದೆ ಗಟ್ಟಿ ಮಾಡಿಕೊಂಡು ಆಕ್ಸಲೇಟರ್ ಅದುಮಿದೆ.

ಹೆಚ್ಚಿತೇ? ಹೆಚ್ಚಿದ ಹಾಗಿತ್ತು. ಬಿಟ್ಟೆ. ತಗ್ಗಿತೇ? ಹೊರಗಿನ ಮೋಡವೇ ಸರಿಯಿತೇನೋ. ಮತ್ತೆ ಅದುಮಿದೆ. ಮಂಟಪದ ಕಲ್ಲಿಗೆ ಹೊಗೆ ಹಿಡಿದಿತ್ತು, ರಂಗಮ್ಮನವರ ಗೋಡೆಯ ಹಾಗಿರಲಿಲ್ಲ. ನೋಡಿ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಅದುಮುತ್ತೇನೆ, ಬಿಡುತ್ತೇನೆ, ಅದುಮುತ್ತೇನೆ, ಬಿಡುತ್ತೇನೆ. ಅವರೆಬೀಜ ಕೆದಕುತ್ತಿದ್ದ ಹುಡುಗ ಹಾಗೇ ಕಾರಿನೊಳಗೆ ಕೂತಿದ್ದ.

ಅಷ್ಟರಲ್ಲಿ ನಂಜಮ್ಮ ತಂದೆಯ ಕೈಹಿಡಿದು ಕರೆತಂದು, ಮಂಟಪದ ಕಂಬವನ್ನು ಅವರ ಕೈಗೆ ಕೊಟ್ಟು, "ಇಲ್ಲೇ ತಣ್ಣಗದೆ, ನಿಂತಿರು ಅಪ್ಪಯ್ಯ, ನೀರು ತರ್ತೀನಿ" ಎಂದು ಕಾರಿನಲ್ಲಿದ್ದ ತಂಬಿಗೆಗಾಗಿ ಬಂದಳು. ಮಾವ ಕಂಬ ಹಿಡಿದು ಒಂದೆರಡು ಹೆಜ್ಜೆ ಒಳಕ್ಕೆ ಹೋಗಿ, ಎಂಜಿನ್ನಿನ ಸದ್ದು ಬರುವ ಕಡೆಗೆ ಮುಖ ತಿರುಗಿಸಿ ನಿಂತರು. ನನ್ನ ಗೋಡೆಗೆ ಸರಿಯಾಗಿ ಅಡ್ಡ. ದೀಪದ ಬೆಳಕೆಲ್ಲ ಅವರ ಮುಖದ ಮೇಲೆ. ನನಗೆ ರೇಗಿತು. ಸರಿಯಿರಿ ಎಂದು ಮಾವನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ಕಾಲು ತನ್ನ ಪಾಡಿಗೆ ಅದುಮುತ್ತಿತ್ತು, ಬಿಡುತ್ತಿತ್ತು.

ಮಾವ ಹುಬ್ಬು ಗಂಟಿಕ್ಕಿದರು.

"ಏಮಿ ಅಳಿಯಂದ್ರೇ, ಅದ್ಯಾಕೆ ದೀಪಾನ ಅಂಗೆ ದೊಡ್ಡದು ಚಿಕ್ಕದು ಮಾಡ್ತಾ ಇದೀರಿ?"

ತಂಬಿಗೆ ನಂಜಮ್ಮನ ಕೈಯಿಂದ ಜಾರಿ ಕಲ್ಲಿಗೆ ಬಡಿಯಿತು. ಮಾವನಿಗೂ ತಾವೇನು ಹೇಳಿದೆವೆಂಬುದು ಆಗ ಅರಿವಾಗಿರಬೇಕು.

"ಇನ್ನೊಂದ್ಸಲ" ಎಂದರು, ಬಹಳ ಸಣ್ಣ ದನಿಯಲ್ಲಿ.

ಅದುಮಿದೆ.

"ಹೆಚ್ತು."

ಬಿಟ್ಟೆ.

"ತಗ್ತು."

ದೀಪ ಪೂರಾ ಆರಿಸಿದೆ. "ಹೋಯ್ತು" ಎಂದರು. ಹಾಕಿದೆ. "ಬಂತು. ದ್ಯಾವುಡಾ, ಬಂತು." ಕೈಯೆತ್ತಿ ಮುಖದ ಮುಂದೆ ಹಿಡಿದು ಸರಿಸಿದರು, ಮತ್ತೆ ಹಿಡಿದರು, ಮತ್ತೆ ಸರಿಸಿದರು. "ಹಗಲಾದ್ರೆ ಗೊತ್ತಾಗ್ತಿತ್ತು ಕಣಮ್ಮ ನಂಜಿ. ಆದ್ರೆ ಅದು ಕಣ್ಣಿಗೆ ಗೊತ್ತಾಗ್ತಿತ್ತೋ, ಮೈಗೆ ಬಿಸ್ಲು ತಾಕಿ ಗೊತ್ತಾಗ್ತಿತ್ತೋ, ನಂಗೇ ತಿಳೀತಿರಲಿಲ್ಲ. ಲಾಟೀನು ತಂದ್ರೂ ಮೊದ್ಲು ಮೊಕಕ್ಕೆ ಬಿಸಿ ತಾಕ್ತಿತ್ತು. ಇಲ್ಲಿ ತಣ್ಣಗದೆ ನೋಡು. ಬಿಸಿ ಇಲ್ಲ. ಆದ್ರೂ ಬಂತು."

ನಂಜಮ್ಮ ಅಪ್ಪನನ್ನು ಹಿಡಿದುಕೊಂಡು ಜೋರಾಗಿ ಅತ್ತಳು. ನನಗೂ ಅಳು ಬಂತು. ಅದನ್ನು ತೋರಿಸಿಕೊಳ್ಳಬಾರದೆಂದು ತಿರುಗಿದಾಗ ಕಾಲು ಎಲ್ಲಿಂದ ಎಲ್ಲಿಗೆ ಜಾರಿತೋ, ಕಾರು ಒಂದು ಸಲ ಮುಂದಕ್ಕೆ ಎಗರಿ, ಕೆಮ್ಮಿ, ನಿಂತುಬಿಟ್ಟಿತು.

ಎಂಜಿನ್ ನಿಂತ ಮೇಲೆ ಆ ಬಯಲಿನಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ ದೂರದಲ್ಲಿ ಯಾರೋ ಎಮ್ಮೆಯನ್ನು ಬೈಯುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು. ನಂಜಮ್ಮನ ಅಳು ನಿಂತಿತು. ನಾವಿಬ್ಬರೂ ಮಾವನ ಮುಖವನ್ನೇ ನೋಡಿದೆವು. ಷರತ್ತು ಅವರದು, ನಾವು ಒಪ್ಪಿದ್ದು. ಕೋಲು ಅವರ ಕೈಯಲ್ಲೇ ಇತ್ತು.

"ನಿಂತ್ರೆ ನಿಲ್ಲಲಿ ಬುಡಿ" ಎಂದರು ಮಾವ. "ಅದುಕ್ಕೇನು ಕಣ್ಣು ಮಾಡಿಸ್ಬೇಕಾ? ನಂಗಲ್ವಾ? ಪದಂಡಿ, ಹೋಗಾನ. ಆ ತಿರುವೋ ಕಬ್ಬಿಣ ಎಲ್ಲೈತೆ ಕೊಡಿ, ನಾನೇ ತಿರುವ್ತೀನಿ."

ಹ್ಯಾಂಡಲ್ ಬೇಕಾಗಲಿಲ್ಲ. ಸುಮ್ಮನೆ ಸೆಲ್ಫ್ ಒತ್ತಿ ನೋಡಿದೆ. ಬೆಳಿಗ್ಗೆ ಗೊರಗುಟ್ಟಿ ಮಲಗಿದ್ದ ಕಾರು ಒಂದೇ ಒತ್ತಿಗೆ ಗರ್ಜಿಸಿ ಎದ್ದಿತು. ದಾರಿಯುದ್ದಕ್ಕೂ ಡೈನಮೋ ತನ್ನ ಪಾಡಿಗೆ ತಾನು ಬ್ಯಾಟರಿಗೆ ತುಂಬುತ್ತಲೇ ಇತ್ತು. ನಾನು ನೋಡಿದ್ದರೂ ತುಂಬುತ್ತಿತ್ತು, ನೋಡದಿದ್ದರೂ ತುಂಬುತ್ತಿತ್ತು.

ಕೊರಟಗೆರೆಯಲ್ಲಿ ಡಾಕ್ಟರು ಮಾವನ ಕಣ್ಣಿಗೆ ಬ್ಯಾಟರಿ ದೀಪ ಹಿಡಿದಾಗ ಮಾವ ಅವರಿಗೇ ಪಾಠ ಹೇಳಿದರು: "ಸುಮ್ನೆ ಹಿಡಿದ್ರೆ ಸಾಲ್ದು ಸಾಮಿ. ದೊಡ್ಡದು ಚಿಕ್ಕದು ಮಾಡಿ ಕೇಳಿ, ಹೇಳ್ತೀನಿ." ಆ ದೀಪ ದೊಡ್ಡದು ಚಿಕ್ಕದು ಆಗುವಂಥದ್ದಲ್ಲ. ಡಾಕ್ಟರು ನಕ್ಕು, ಒಂದು ಕಣ್ಣಿನ ಪೊರೆಯನ್ನು ಮಾರನೆಯ ದಿನವೇ ತೆಗೆದರು. ತಲೆಯ ಆ ಕಡೆ ಈ ಕಡೆ ಮರಳಿನ ಚೀಲ ಇಟ್ಟು, ಕಣ್ಣಿಗೆ ಕಟ್ಟು ಕಟ್ಟಿ, ಅಲುಗಾಡದೆ ಮಲಗಬೇಕೆಂದರು. ಮಾವ ಮಲಗಿದರು. ಕಟ್ಟಿನ ಅಂಚನ್ನು ಒಂದಿಷ್ಟೇ ಎತ್ತಿ, ಒಳಗೆ ಎಲ್ಲ ಸರಿಯಿದೆಯೇ ಎಂದು ನೋಡಬೇಕೆಂದು ನನ್ನ ಬೆರಳು ತುಡಿಯುತ್ತಿತ್ತು. ನಂಜಮ್ಮ ಮಂಚದ ಪಕ್ಕ ನನಗೇ ಕಾವಲು ಕೂತಿದ್ದಳು.

ಕಟ್ಟು ಬಿಚ್ಚಿದ ಮೇಲೆ ಮಾವ ಮಧುಗಿರಿಯಲ್ಲಿ ನಮ್ಮ ಮನೆಯಲ್ಲೇ ಇದ್ದು, ಬೆಂಗಳೂರಿನಿಂದ ದಪ್ಪ ಗಾಜಿನ ಕನ್ನಡಕ ಬರುವ ತನಕ ಕಾದರು. ಕನ್ನಡಕ ಬರುವ ತನಕ ಕಾರ್ಯ ಮುಗಿದ ಹಾಗಲ್ಲ ಎಂದು ನಂಜಮ್ಮ ಹಟ ಹಿಡಿದಿದ್ದರಿಂದ ಅಮ್ಮೀಟರಿನ ಮೇಲಿನ ವಿಭೂತಿ ಹಾಗೇ ಇತ್ತು. ನಾನು ಅದರ ಹಿಂದಿರುವ ಮುಳ್ಳನ್ನು ಊಹಿಸಿಕೊಂಡೇ ಮಂಡಿಗೆ ಹೋಗಿ ಬರುತ್ತಿದ್ದೆ. ಒಂದು ಸಲವೂ ಕಾರು ಕೈಕೊಡಲಿಲ್ಲ.

ಕನ್ನಡಕ ಬಂದ ಮಾರನೆಯ ಬೆಳಿಗ್ಗೆ ಮಾವ ಊರಿಗೆ ಹೊರಟರು. ನನ್ನ ಪಕ್ಕದಲ್ಲಿ ಕೂತು, ನಾನು ಎಂಜಿನ್ ಎಬ್ಬಿಸುತ್ತಿದ್ದ ಹಾಗೇ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು, ಒಂದೊಂದನ್ನೇ ನೋಡತೊಡಗಿದರು. ಟಾಪು ನೋಡಿದರು, ಸ್ಟೀರಿಂಗ್ ನೋಡಿದರು, ನನ್ನ ಮುಖವನ್ನು ಹತ್ತಿರ ಬಂದು ನೋಡಿ, "ಮೀಸೆ ಯಾವಾಗ ಬುಟ್ರಿ? ಚೆನ್ನಾಗಿಲ್ಲ" ಎಂದರು. ಆಮೇಲೆ ಅವರ ಕಣ್ಣು ಮುಂದಿನ ಹಲಗೆಯ ಮೇಲೆ ಬಿತ್ತು.

"ಇದೇನ್ರೀ ಇದು! ಇಂಥ ಚಂದದ ಗಾಜಿಗೆ ಯಾರು ಸುಣ್ಣ ಮೆತ್ತವ್ರೆ? ನೀವೂ ಅಷ್ಟೇ, ನೋಡ್ಕಣಾದಲ್ವಾ?"

ಹಿಂದಿನ ಸೀಟಿನಲ್ಲಿ ನಂಜಮ್ಮ ಏನೋ ಹೇಳಲು ಬಾಯಿ ತೆರೆದಳು. ನಾನು ತಿರುಗಿ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾವ ಹೆಗಲ ಮೇಲಿನ ಟವಲು ತೆಗೆದು, ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು, ತಾವೇ ಬಳಿದ ವಿಭೂತಿಯನ್ನು ತಾವೇ ನೀಟಾಗಿ ಒರೆಸಿದರು. ಒಳಗೆ ಮುಳ್ಳು ಬಲಕ್ಕೆ ವಾಲಿ ನಡುಗುತ್ತಿತ್ತು.

"ಇದ್ಯಾಕೆ ಇಂಗೆ ನಡುಗ್ತದೆ?"

"ಬ್ಯಾಟರಿ ತುಂಬ್ತಿದೆ ಅಂತ ಹೇಳೋದು ಅದು ಮಾವ. ಎಡಕ್ಕೆ ಬಂದರೆ ತುಂಬ್ತಿಲ್ಲ ಅಂತ."

"ಔನಾ? ಅಂಗಾದ್ರೆ ನೀವು ಸುಮ್ನೆ ಗಾಡಿ ಹೊಡೀರಿ" ಎಂದರು. "ಇದನ್ನ ನಾನು ನೋಡ್ಕೊತೀನಿ."

ನಿಡುಗಲ್ಲಿನ ಬುಡ ಸೇರುವ ತನಕ ಮಾವ ಆ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ನಾನು, ಆ ಕಾರು ಬಂದ ಮೇಲೆ ಮೊದಲ ಸಲ, ರಸ್ತೆಯನ್ನು ನೋಡಿಕೊಂಡು ಓಡಿಸಿದೆ.